ಕಲ್ಲಿದ್ದಲು ಹೋಯಿತು, ನೀರು ವಾಪಸ್ ಬಂತು: ಲೌಸಿಟ್ಸ್ ಗಣಿಗಳ ಕಥೆ

ಎಲ್ಲರಿಗೂ ನಮಸ್ಕಾರ.

ಗಣಿ ಮುಚ್ಚಿದ ಮೇಲೆ ಏನು ಮಾಡಬೇಕು ಅಂತ ಯಾರನ್ನಾದರೂ ಕೇಳಿ, ಗಿಡ ನೆಡಬೇಕು ಅಂತಾರೆ. ನೆಡಬೇಕು, ಸರಿ. ಆದರೆ ತೆರೆದ ಕಲ್ಲಿದ್ದಲು ಗಣಿಯಲ್ಲಿ ಅದು ಸುಲಭದ ಕೆಲಸ. ತಲೆನೋವೆಲ್ಲ ನೀರಿನದ್ದು. ಇದನ್ನು ಜರ್ಮನಿಯ ಲೌಸಿಟ್ಸ್ ಪ್ರದೇಶವನ್ನು ಇಟ್ಟುಕೊಂಡು ಹೇಳುತ್ತೇನೆ. ಬರ್ಲಿನ್‌ನಿಂದ ಆಗ್ನೇಯಕ್ಕೆ, ಕಾಟ್‌ಬುಸ್ ನಗರದ ಸುತ್ತಮುತ್ತ ಇರುವ ಬಯಲು ಅದು.

ಒಂದೂವರೆ ಕೋಟಿ ವರ್ಷಕ್ಕೂ ಹಿಂದೆ, ಮಯೋಸೀನ್ ಕಾಲದಲ್ಲಿ, ಅಲ್ಲಿ ಕಡಲಂಚಿನ ಜೌಗು ಕಾಡಿತ್ತು. ಬಿದ್ದ ಮರಗಳು ಪೂರ್ತಿ ಕೊಳೆಯದೆ ಕೆಸರಿನಲ್ಲಿ ಹೂತುಹೋಗಿ ಲಿಗ್ನೈಟ್ ಆದವು. ಅಂದರೆ ಕಂದು ಕಲ್ಲಿದ್ದಲು. ಮುಖ್ಯ ಪದರದ ದಪ್ಪ ಸುಮಾರು 10 ಮೀಟರ್. ಸಮುದ್ರ ಆಗಾಗ ಒಳಗೆ ಬಂದು ಹೋಗುತ್ತಿತ್ತು. ಬಂದಾಗ ಉಪ್ಪುನೀರಿನ ಜೊತೆ ಸಲ್ಫೇಟ್ ಅನ್ನೋ ಗಂಧಕದ ಲವಣ ಬಂತು. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫೈಡ್ ಮಾಡಿದವು. ಅದು ಕಬ್ಬಿಣದ ಜೊತೆ ಸೇರಿ ಪೈರೈಟ್ ಆಯಿತು. ಈ ಪೈರೈಟನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ರಗಳೆ ಅದರದ್ದೇ.

ಇದರ ಮೇಲೆ ಹಿಮಯುಗದ ಮರಳು, ಜಲ್ಲಿ ಬಂದು ಕೂತಿತು. ಸ್ಕ್ಯಾಂಡಿನೇವಿಯಾದಿಂದ ಹಿಮ ಹೊತ್ತು ತಂದ ದೊಡ್ಡ ಬಂಡೆಗಳೂ ಇವೆ. ನೋಖ್ಟನ್ ಗಣಿಯ ಪಕ್ಕ ಅವನ್ನೆಲ್ಲ ಜೋಡಿಸಿ ಚೆಂದದ ತೋಟ ಮಾಡಿದ್ದಾರೆ.

ಈ ಮಣ್ಣು ತೆಗೆಯಲು ಎಫ್ 60 ಅನ್ನೋ ಯಂತ್ರಗಳನ್ನು ಕಟ್ಟಿದರು. ಒಂದೊಂದೂ 502 ಮೀಟರ್ ಉದ್ದ. 60 ಮೀಟರ್ ದಪ್ಪದ ಮಣ್ಣನ್ನು ಒಂದು ಕಡೆ ಅಗೆದು, ಹೊಂಡದ ಮೇಲಿಂದಲೇ ದಾಟಿಸಿ, ಆಚೆ ಕಡೆ ಸುರಿಯುತ್ತವೆ. ಎಂಜಿನಿಯರಿಂಗ್ ಅದ್ಭುತ, ಅನುಮಾನವಿಲ್ಲ. ಆದರೆ ಸುರಿದ ಮಣ್ಣು ಮೊದಲಿನ ಮಣ್ಣಲ್ಲ. ಪದರಗಳೆಲ್ಲ ಕಲಸಿಹೋದವು. ಮರಳು ಸಡಿಲವಾಗಿ ಕೂತಿತು. ಹೊಂಡ ಒಣಗಿರಲಿ ಅಂತ ದಶಕಗಟ್ಟಲೆ ಅಂತರ್ಜಲವನ್ನು ಪಂಪ್ ಮಾಡಿ ಹೊರಗೆ ಹಾಕಿದ್ದರಿಂದ, ಕೋಟಿ ವರ್ಷ ನೀರಿನಡಿ ಇದ್ದ ಪೈರೈಟಿಗೆ ಗಾಳಿ ಸಿಕ್ಕಿತು.

ಈ ಗಣಿಗಾರಿಕೆಗಾಗಿ 130ಕ್ಕೂ ಹೆಚ್ಚು ಹಳ್ಳಿಗಳು ಪೂರ್ತಿಯಾಗಿಯೋ ಭಾಗಶಃವೋ ಹೋದವು. ಅವುಗಳಲ್ಲಿ ಬಹಳಷ್ಟು ಸೋರ್ಬ್ ಜನರವು. ತಮ್ಮದೇ ಸ್ಲಾವಿಕ್ ಭಾಷೆ ಇರುವ ಸಣ್ಣ ಸಮುದಾಯ ಅದು. ಅಲ್ಲಿ ಹಳ್ಳಿ ಚದುರಿದರೆ ಭಾಷೆ ಆಡುವ ಜಾಗವೂ ಹೋದಂತೆ. ಯಾವ ಪುನಶ್ಚೇತನ ಯೋಜನೆಯೂ ಇದನ್ನು ವಾಪಸ್ ತರುವುದಿಲ್ಲ.

ಲೌಸಿಟ್ಸ್ ಆಗ ಇದ್ದದ್ದು ಪೂರ್ವ ಜರ್ಮನಿಯಲ್ಲಿ. 1990ರಲ್ಲಿ ಎರಡು ಜರ್ಮನಿಗಳು ಒಂದಾದವು. ಕೆಲವೇ ವರ್ಷಗಳಲ್ಲಿ ಹೆಚ್ಚಿನ ಗಣಿಗಳು ಮುಚ್ಚಿದವು. ರಿಪೇರಿಯ ಹೊಣೆ ಎಲ್‌ಎಂಬಿವಿ ಅನ್ನೋ ಸರ್ಕಾರಿ ಕಂಪನಿಗೆ ಬಂತು. ಖರ್ಚು ಈಗಾಗಲೇ 1,000 ಕೋಟಿ ಯೂರೋ ದಾಟಿದೆ. ಹೊಂಡಗಳನ್ನು ಕೆರೆ ಮಾಡೋಣ ಅಂದರು. ಪಂಪ್ ನಿಂತ ಮೇಲೆ ಮಣ್ಣಿನಡಿ ನೀರು ಮೇಲೇರತೊಡಗಿತು.

ಗಾಳಿ ತಾಗಿದ ಪೈರೈಟಿಗೆ ನೀರು ಸೇರಿದರೆ ಗಂಧಕಾಮ್ಲ ಮತ್ತು ಕರಗಿದ ಕಬ್ಬಿಣ. ಎಷ್ಟೋ ಕೆರೆಗಳ ಪಿಎಚ್ (ಆಮ್ಲದ ಅಳತೆ, 7ಕ್ಕಿಂತ ಕೆಳಗಿಳಿದಷ್ಟೂ ಆಮ್ಲ ಹೆಚ್ಚು) 3ರ ಆಸುಪಾಸಿಗೆ ಇಳಿಯಿತು. ನೋಡಲು ತಿಳಿನೀರು, ಆದರೆ ಮೀನು ಬದುಕಲ್ಲ. ಹಾಗಾಗಿ ದೋಣಿಗಳಲ್ಲಿ ಸುಣ್ಣ ತಂದು ಸುರಿಯುತ್ತಾರೆ. ಒಮ್ಮೆ ಹಾಕಿದರೆ ಮುಗಿಯಿತು ಅನ್ನುವಂತಿಲ್ಲ, ಅಂತರ್ಜಲ ಹೊಸ ಆಮ್ಲ ತರುತ್ತಲೇ ಇರುತ್ತದೆ. ಕಬ್ಬಿಣ ಸ್ಪ್ರೀ ನದಿಗೆ ಸೇರಿ ನೀರು ಕಂದುಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಬಹಳಷ್ಟನ್ನು ಸ್ಪ್ರೆಂಬರ್ಗ್ ಜಲಾಶಯ ಹಿಡಿದಿಡುತ್ತದೆ. ಗಂಧಕಾಮ್ಲದಿಂದ ಬರುವ ಸಲ್ಫೇಟ್ ಮಾತ್ರ ಸುಣ್ಣಕ್ಕೆ ಹೆಚ್ಚು ಬಗ್ಗುವುದಿಲ್ಲ. ಅದೇ ನದಿ ಮುಂದೆ ಬರ್ಲಿನ್‌ಗೆ ಹೋಗುತ್ತದೆ, ಅಲ್ಲಿನ ಕುಡಿಯುವ ನೀರಿಗೂ ಬೇಕು.

ಇನ್ನೊಂದು ಅಪಾಯ ಆಮ್ಲಕ್ಕಿಂತ ಭಯಂಕರ. ಸಡಿಲ ಮರಳಿನೊಳಗೆ ನೀರು ತುಂಬಿದಾಗ ಸಣ್ಣ ಅಲುಗಾಟಕ್ಕೂ ನೆಲ ಗಂಜಿಯಂತೆ ಹರಿಯಬಹುದು. 2010ರ ಅಕ್ಟೋಬರ್‌ನಲ್ಲಿ ಸ್ಪ್ರೇಟಾಲ್ ಹತ್ತಿರ ಸುಮಾರು ಒಂದು ಚದರ ಕಿಲೋಮೀಟರ್ ಜಾಗ ಹಾಗೇ ಕುಸಿಯಿತು, ಮೇಯುತ್ತಿದ್ದ ಕುರಿಗಳ ಸಮೇತ. ಹಸಿರಾಗಿಯೇ ಕಾಣುತ್ತಿದ್ದ ನೆಲ ಅದು! ಆಮೇಲೆ ವಿಶಾಲವಾದ ಜಾಗಗಳಿಗೆ ಜನ ಹೋಗದಂತೆ ತಡೆದರು. ಸೆನ್ಫ್ಟನ್‌ಬರ್ಗ್ ಕೆರೆ ತುಂಬಿದ್ದು 1972ರಲ್ಲಿ. ಅದರ ನಡುಗಡ್ಡೆಯ ದಂಡೆ 2018ರಲ್ಲಿ ಜಾರಿತು. ಪರಿಹಾರ ಇದೆ, ಉದ್ದನೆಯ ಕಂಪಿಸುವ ಕೊಳವೆ ಇಳಿಸಿ ಮರಳನ್ನು ಒಳಗಿಂದಲೇ ಗಟ್ಟಿ ಮಾಡುತ್ತಾರೆ. ನಿಧಾನದ, ದುಬಾರಿ ಕೆಲಸ.

ಈಗ ಇನ್ನೊಂದು ವಿಚಿತ್ರ ಕೇಳಿ. ಗಣಿಗಳಿಂದ ಪಂಪ್ ಮಾಡಿದ ನೀರು ಹೋಗುತ್ತಿದ್ದದ್ದು ಸ್ಪ್ರೀ ನದಿಗೇ. ಗಣಿ ನಿಂತರೆ ಆ ನೀರೂ ನಿಲ್ಲುತ್ತದೆ. ಒಣ ಬೇಸಿಗೆ ತಿಂಗಳುಗಳಲ್ಲಿ ಕೆಲವೆಡೆ ನದಿಯ ನೀರು ಮುಕ್ಕಾಲು ಪಾಲಿನವರೆಗೆ ಕಡಿಮೆಯಾಗಬಹುದು ಅಂತ ಜರ್ಮನಿಯ ಕೇಂದ್ರ ಪರಿಸರ ಇಲಾಖೆ 2023ರಲ್ಲಿ ಹೇಳಿತು. ಅಲ್ಲಿ ಮಳೆಯೂ ಕಮ್ಮಿ, ಹೆಚ್ಚುಕಡಿಮೆ ನಮ್ಮ ಚಿತ್ರದುರ್ಗದಷ್ಟು. ಕಾಟ್‌ಬುಸ್ ಪಕ್ಕದ ಗಣಿಯಲ್ಲಿ 19 ಚದರ ಕಿಲೋಮೀಟರಿನ ಕೆರೆ ಮಾಡಿದ್ದಾರೆ. 2019ರ ಏಪ್ರಿಲ್‌ನಲ್ಲಿ ನೀರು ಬಿಡಲು ಶುರು ಮಾಡಿದರು, ಆ ನೀರೂ ಬಹುಪಾಲು ಸ್ಪ್ರೀಯದ್ದೇ. ನದಿ ಬತ್ತಿದಾಗ ಬಿಡುವಂತಿಲ್ಲ, ನಿಲ್ಲಿಸಬೇಕು. ತುಂಬಿದ ಮೇಲೂ ಬಿಸಿಲಿಗೆ ಆವಿಯಾಗುವುದು ತಪ್ಪಲ್ಲ. ಹೊಂಡ ತುಂಬಿದ ಮೇಲೂ ನದಿಗೆ ಕೊಡಬೇಕಾದ ಸಾಲ ತೀರಿಲ್ಲ, ಅಲ್ವಾ?

ನಮಗೆ ಹತ್ತಿರದ ಲಿಗ್ನೈಟ್ ಗಣಿ ತಮಿಳುನಾಡಿನ ನೈವೇಲಿ. ಕರ್ನಾಟಕಕ್ಕೂ ಅಲ್ಲಿಂದ ಕರೆಂಟ್ ಬರುತ್ತದೆ. ಅಲ್ಲಿ ನೀರಿರುವುದು ಕಲ್ಲಿದ್ದಲಿನ ಕೆಳಗೆ, ಒತ್ತಡದಲ್ಲಿ. ಹಗಲೂ ರಾತ್ರಿ ಪಂಪ್ ಮಾಡದಿದ್ದರೆ ಗಣಿಯ ತಳವೇ ಒಡೆದು ಬರುತ್ತದೆ. ಆ ಪಂಪುಗಳು ನಿಲ್ಲುವ ದಿನದ ಲೆಕ್ಕವನ್ನು ಗಣಿ ನಡೆಯುತ್ತಿರುವಾಗಲೇ ಹಾಕಬೇಕು. ಜರ್ಮನಿ 2038ರೊಳಗೆ ಕಲ್ಲಿದ್ದಲು ಬಿಡುತ್ತದೆ, ಲೌಸಿಟ್ಸ್‌ನವರು ಆ ಲೆಕ್ಕವನ್ನು ಇನ್ನೂ ಹಾಕುತ್ತಲೇ ಇದ್ದಾರೆ.

ಪ್ರಶ್ನೆಗಳಿದ್ದರೆ ಕೇಳಿ.