ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರು

‘ಸರ್ಕಾರಿ ನೌಕರರು ವಿಪರೀತ ಹೆಚ್ಚಾಗಿದ್ದಾರೆ, ಕಡಿತ ಮಾಡಬೇಕು.’ ಈ ಮಾತು ಕೇಳಿಬರದ ದೇಶವಿದೆಯೇ ಹೇಳಿ! ನನಗೆ ಈ ಮಾತಿನ ಮೇಲೆ ತಕರಾರಿದೆ. ಯಾರನ್ನು ಲೆಕ್ಕಕ್ಕೆ ಹಿಡಿದಿರಿ, ಯಾರನ್ನು ಬಿಟ್ಟಿರಿ? ಮೊದಲು ಅದನ್ನು ಹೇಳಿ.

ಇಂಗ್ಲೆಂಡಿನಲ್ಲಿ ನಡೆದದ್ದನ್ನು ನೋಡಿ. ಶಾಲೆ ಮುಗಿಸಿದವರಿಗೆ ಕಸುಬು ಕಲಿಸುವ ಕಾಲೇಜುಗಳನ್ನು 2012ರಲ್ಲಿ ಸರ್ಕಾರಿ ಪಟ್ಟಿಯಿಂದ ತೆಗೆದು ಖಾಸಗಿ ಪಟ್ಟಿಗೆ ಸೇರಿಸಲಾಯಿತು. ಒಂದೇ ಏಟಿಗೆ ಸುಮಾರು 1,96,000 ಮಂದಿ ಲೆಕ್ಕದಿಂದ ಹೊರಬಿದ್ದರು. ಆ ಬದಲಾವಣೆಯಿಂದ ಒಬ್ಬರ ಕೆಲಸವೂ ಹೋಗಲಿಲ್ಲ. ಅದೇ ತರಗತಿ, ಅದೇ ಪಾಠ. ಹಣದ ಬಹುಪಾಲು ಬರುತ್ತಿದ್ದುದೂ ಅದೇ ಬೊಕ್ಕಸದಿಂದ. 2022ರಲ್ಲಿ ಅವೇ ಕಾಲೇಜುಗಳು ಮತ್ತೆ ಸರ್ಕಾರಿ ಪಟ್ಟಿಗೆ ಮರಳಿದವು.

ನಾರ್ವೆಯಲ್ಲಿ ದುಡಿಯುವ ಹತ್ತು ಜನರಲ್ಲಿ ಸುಮಾರು ಮೂವರು ಸರ್ಕಾರಿ ನೌಕರರು. ಜಪಾನಿನಲ್ಲಿ ಇಪ್ಪತ್ತರಲ್ಲಿ ಒಬ್ಬರೂ ಇಲ್ಲ. ಹಾಗೆಂದು ಜಪಾನಿನ ಸರ್ಕಾರ ಕೈಕಟ್ಟಿ ಕುಳಿತಿದೆಯೇ? ಅಲ್ಲಿ ಆಸ್ಪತ್ರೆಗಳು ಬಹುಪಾಲು ಖಾಸಗಿ, ಆದರೆ ಚಿಕಿತ್ಸೆಯ ದರ ನಿಗದಿ ಮಾಡುವುದು ಸರ್ಕಾರವೇ. ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಸಿಬ್ಬಂದಿ 2004ರಲ್ಲಿ, ಅಂಚೆಯವರು 2007ರಲ್ಲಿ ಸರ್ಕಾರಿ ನೌಕರರ ಪಟ್ಟಿಯಿಂದ ಹೊರಬಂದರು. ಆಮೇಲೂ ಪಾಠ ನಡೆಯಿತು, ಕಾಗದ ತಲುಪಿತು.

ನನ್ನನ್ನು ನಿಜವಾಗಿ ಕಾಡುವುದು ಇನ್ನೊಂದು ಸಂಗತಿ. ಆಸ್ಪತ್ರೆಯ ವಾರ್ಡಿನಲ್ಲಿ ನಸುಕಿನಲ್ಲೇ ನೆಲ ಒರೆಸುವ ಹೆಂಗಸನ್ನು ನೆನಪಿಸಿಕೊಳ್ಳಿ. ಹುದ್ದೆ ರದ್ದಾಯಿತು, ಕೆಲಸ ಹೊರಗುತ್ತಿಗೆಗೆ ಹೋಯಿತು. ಆದರೆ ಬಕೆಟ್ಟು ಅದೇ, ನೆಲ ಅದೇ, ಎಷ್ಟೋ ಸಲ ಒರೆಸುವ ಕೈಯೂ ಅದೇ. ಬದಲಾಗಿದ್ದು ಕೊರಳಿನ ಗುರುತುಚೀಟಿ. ಜ್ವರ ಬಂದು ಮಲಗಿದರೆ ಸಂಬಳ ಸಿಗುತ್ತದೆಯೇ, ಮುಂದಿನ ವರ್ಷ ಕೆಲಸ ಇರುತ್ತದೆಯೇ ಎಂಬುದು ಈಗ ಗುತ್ತಿಗೆದಾರನ ಮರ್ಜಿ. ಇತ್ತ ಬಜೆಟ್ಟಿನಲ್ಲಿ ಸಂಬಳದ ಬಾಬ್ತು ಇಳಿಯುತ್ತದೆ, ಸೇವೆ ಖರೀದಿಯ ಬಾಬ್ತು ಏರುತ್ತದೆ. ಇದನ್ನು ಮಿತವ್ಯಯ ಎಂದು ಕರೆದಾಗ ನನಗೆ ಸಿಟ್ಟು ಬರುತ್ತದೆ.

ಬೇಡದ ಹುದ್ದೆಗಳು ಇವೆ, ಒಪ್ಪುತ್ತೇನೆ. ಅವುಗಳನ್ನು ಒಂದೊಂದಾಗಿ ಹೆಸರಿಸಿ ತೆಗೆಯಲಿ. ಆದರೆ ನೌಕರರ ಸಂಖ್ಯೆಯನ್ನು ಪ್ರಕಟಿಸುವ ಪುಟದಲ್ಲೇ ಹೊರಗುತ್ತಿಗೆಯವರ ಸಂಖ್ಯೆಯನ್ನೂ ಅಚ್ಚು ಹಾಕಲಿ. ಆ ಲೆಕ್ಕ ಸಿಗುವುದಿಲ್ಲ ಎಂಬ ಸಬೂಬು ಬೇಡ. ಗುತ್ತಿಗೆದಾರನ ಬಿಲ್ಲಿಗೆ ರುಜು ಹಾಕುವ ಅಧಿಕಾರಿ, ಎಷ್ಟು ಜನ ದುಡಿದರು ಎಂದು ಕೇಳಿಯೇ ರುಜು ಹಾಕಬೇಕು.