ಮುಂದಲೆ ತೋರಿಸುವ ಮೊದಲು ಹಿಂದಲೆ ಎಣಿಸಿ: ಕೂದಲು ಉದುರುವುದು ಮತ್ತು ಹೇರ್ ಟ್ರಾನ್ಸ್‌ಪ್ಲಾಂಟ್

[ಕ್ಲೋಸಪ್: ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಸಣ್ಣದೊಂದು ಹಿಡಿ ಕೂದಲು]

ತಲೆಗೆ ಸ್ನಾನ ಮಾಡಿ ಒಂದು ದಿನ ಕಳೆದ ಮೇಲೆ, ಹೀಗೆ 50-60 ಕೂದಲನ್ನು ಬುಡದಲ್ಲಿ ಹಿಡಿದು ತುದಿಯವರೆಗೆ ಹದವಾಗಿ ಎಳೆಯಿರಿ. ಎರಡೋ ಮೂರೋ ಕೈಗೆ ಬಂದರೆ ಚಿಂತೆ ಬೇಡ. ಆರಕ್ಕಿಂತ ಜಾಸ್ತಿ ಬಂದರೆ ಕೂದಲು ಈಗ ಜೋರಾಗಿಯೇ ಉದುರುತ್ತಿದೆ. ಚರ್ಮರೋಗ ತಜ್ಞರು ತಲೆಯ ನಾಲ್ಕೈದು ಕಡೆ ಇದನ್ನೇ ಮಾಡಿ ನೋಡುತ್ತಾರೆ. ಕೈಗೆ ಬಂದ ಕೂದಲಿನ ಬುಡವನ್ನೂ ನೋಡಿ. ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬೇರು ಸಮೇತ ಬಂದ ಕೂದಲು. ಗುಂಡು ಇಲ್ಲದಿದ್ದರೆ ನಡುವೆ ತುಂಡಾದದ್ದು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ನಮಸ್ಕಾರ. ಕೂದಲು ಯಾಕೆ ಉದುರುತ್ತದೆ, ಹೇರ್ ಟ್ರಾನ್ಸ್‌ಪ್ಲಾಂಟ್ ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದನ್ನು ಇವತ್ತು ನೋಡುವ. ಗಲ್ಫ್‌ನಿಂದ ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದು, ಮದುವೆಗೆ ಮೊದಲು ಮಾಡಿಸಿಕೊಂಡು ಹೋಗೋಣ ಎಂದುಕೊಂಡವರು ದಯವಿಟ್ಟು ಕೊನೆಯವರೆಗೆ ನೋಡಿ. ಆತುರದಲ್ಲಿ ಹಾಳಾದ ತಲೆಯನ್ನು ಸರಿಮಾಡಲು ಎಷ್ಟೋ ಸಲ ಕೂದಲೇ ಉಳಿದಿರುವುದಿಲ್ಲ.

ಮೊದಲು ನೀರಿನ ವಿಷಯ ಮುಗಿಸಿಬಿಡುವ. ಘಟ್ಟ ಹತ್ತಿ ಬೆಂಗಳೂರಿಗೆ ಹೋದವರು, ದುಬೈಗೆ ಹೋದವರು ಎಲ್ಲರೂ "ಅಲ್ಲಿನ ನೀರು ಆಗಲಿಲ್ಲ" ಎನ್ನುತ್ತಾರೆ. ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ತುಂಡಾಗುತ್ತದೆ, ಅದು ನಿಜ. ಆದರೆ ಕೂದಲಿನ ಬುಡ ಇರುವುದು ಚರ್ಮದಿಂದ ಸುಮಾರು 4 ಮಿಲಿಮೀಟರ್ ಒಳಗೆ. ಸ್ನಾನದ ನೀರು ಅಲ್ಲಿ ಏನೂ ಮಾಡಲಾರದು. ಊರು ಬಿಟ್ಟು ಕೆಲಸಕ್ಕೆ ಹೋಗುವುದು 22-25ರ ಪ್ರಾಯದಲ್ಲಿ. ವಂಶದಿಂದ ಬರುವ ಬೋಳು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಅದೇ ಪ್ರಾಯದಲ್ಲಿ. ಊರಲ್ಲೇ ಇದ್ದು ಬಾವಿ ನೀರಿನಲ್ಲೇ ಮಿಂದಿದ್ದರೂ ಆ ಕೂದಲು ಹೋಗುತ್ತಿತ್ತು.

[ಗ್ರಾಫಿಕ್: ಕೂದಲಿನ ಬೆಳವಣಿಗೆಯ ಮೂರು ಹಂತ]

ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತದೆ. ಒಂದೊಂದೂ 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆಮೇಲೆ ಎರಡು-ಮೂರು ವಾರದಲ್ಲಿ ಬೆಳವಣಿಗೆ ನಿಲ್ಲುತ್ತದೆ, ಸುಮಾರು ಮೂರು ತಿಂಗಳು ಸುಮ್ಮನೆ ನಿಂತಿದ್ದು ಬೀಳುತ್ತದೆ, ಅದೇ ಗುಣಿಯಲ್ಲಿ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಬೀಳುವುದು ಈ ಲೆಕ್ಕದಲ್ಲೇ.

ಈ ಮೂರು ತಿಂಗಳನ್ನು ನೆನಪಿಡಿ. ಜೋರು ಜ್ವರ, ಡೆಂಗಿ, ಟೈಫಾಯ್ಡ್, ದೊಡ್ಡ ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು, ಇವುಗಳಲ್ಲಿ ಯಾವುದಾದರೂ ಆದಾಗ ಬೆಳೆಯುತ್ತಿದ್ದ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ. ಬೀಳುವುದು ಮಾತ್ರ ಎರಡು-ಮೂರು ತಿಂಗಳ ನಂತರ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಡೆಂಗಿ ಬಂದವರಿಗೆ ನವರಾತ್ರಿ ಹೊತ್ತಿಗೆ ಬಾಚಣಿಗೆ ತುಂಬಾ ಕೂದಲು. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ, ತಪ್ಪು ಹೊಸ ಶಾಂಪೂವಿನ ತಲೆಗೆ ಬರುತ್ತದೆ. ಈ ಬಗೆಯ ಉದುರುವಿಕೆ ತಲೆಯ ಎಲ್ಲ ಕಡೆ ಸಮನಾಗಿರುತ್ತದೆ ಮತ್ತು ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಇದಕ್ಕೆ ಟ್ರಾನ್ಸ್‌ಪ್ಲಾಂಟ್ ಮಾಡುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಬರೀ ಗಂಜಿ, ಉಪ್ಪಿನಕಾಯಿಯಲ್ಲಿ ದಿನ ದೂಡಬೇಡಿ. ಕೂದಲು ಪ್ರೋಟೀನ್‌ನಿಂದ ಆದದ್ದು. ಬೂತಾಯಿ, ಬಂಗುಡೆ, ಮೊಟ್ಟೆ, ಹೆಸರುಕಾಳು, ಮೊಸರು, ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದು ತಟ್ಟೆಗೆ ಬರಲಿ.

ಆರು ತಿಂಗಳು ದಾಟಿಯೂ ನಿಲ್ಲದಿದ್ದರೆ ರಕ್ತ ಪರೀಕ್ಷೆ ಬೇಕು: ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್‌ನ ಟಿಎಸ್‌ಎಚ್, ವಿಟಮಿನ್ ಡಿ, ಬಿ12. ಹಿಮೋಗ್ಲೋಬಿನ್ ಸರಿ ಇದ್ದರೂ ಕಬ್ಬಿಣದ ದಾಸ್ತಾನು, ಅಂದರೆ ಫೆರಿಟಿನ್, ಖಾಲಿಯಾಗಿರಬಹುದು. ಮುಟ್ಟಿನ ರಕ್ತಸ್ರಾವ ಜಾಸ್ತಿ ಇರುವ ಹೆಣ್ಣುಮಕ್ಕಳಲ್ಲಿ ಇದು ತುಂಬ ಸಾಮಾನ್ಯ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲ್ಯಾಬ್‌ನಲ್ಲಿ ತಪ್ಪದೆ ಹೇಳಿ, ಕೆಲವು ದಿನ ಮೊದಲೇ ವೈದ್ಯರನ್ನು ಕೇಳಿ ನಿಲ್ಲಿಸಿ. ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸಬಹುದು.

ನಾಣ್ಯದಗಲಕ್ಕೆ ನುಣ್ಣಗೆ ಕೂದಲು ಹೋಗಿದ್ದರೆ "ಹುಳ ತಿಂದದ್ದು" ಎಂದು ಬೆಳ್ಳುಳ್ಳಿ ಉಜ್ಜುತ್ತಾರೆ. ಅಲ್ಲಿ ಯಾವ ಹುಳವೂ ಇಲ್ಲ ಮಾರಾಯ್ರೆ, ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡದ ಮೇಲೆ ದಾಳಿ ಮಾಡಿರುತ್ತದೆ. ಬೆಳ್ಳುಳ್ಳಿಯಿಂದ ಚರ್ಮ ಸುಟ್ಟು ಕಲೆ ಉಳಿದರೆ ಬರಬೇಕಾದ ಕೂದಲೂ ಬಾರದು. ಹೆಚ್ಚಿನವರಿಗೆ ಆ ಜಾಗಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಸಾಕಾಗುತ್ತದೆ. ಮಕ್ಕಳ ತಲೆಯಲ್ಲಿ ಹೊಟ್ಟು, ತುರಿಕೆ ಜತೆಗೆ ಕೂದಲು ತುಂಡಾಗಿದ್ದರೆ ಅದು ಫಂಗಸ್ ಇರಬಹುದು, ಅದಕ್ಕೆ ಹೊಟ್ಟೆಗೇ ಮಾತ್ರೆ ಬೇಕು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಾಗಲಿ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಾಗಲಿ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ.

ಇನ್ನು ವಂಶದ ಬೋಳು. ಟೆಸ್ಟೋಸ್ಟಿರಾನ್ ಹಾರ್ಮೋನಿನಿಂದ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನು ಆಗುತ್ತದೆ. ಅದನ್ನು ತಾಳಿಕೊಳ್ಳದ ಬುಡಗಳು ಮುಂದಲೆಯಲ್ಲಿ ಮತ್ತು ನೆತ್ತಿಯಲ್ಲಿ ಇವೆ. ಅವು ಪ್ರತಿ ಸುತ್ತಿನಲ್ಲೂ ಸ್ವಲ್ಪ ಚಿಕ್ಕದಾಗುತ್ತಾ ಬರುತ್ತವೆ, ದಪ್ಪ ಕೂದಲು ತೆಳ್ಳಗಾಗಿ, ರೋಮದಷ್ಟಾಗಿ, ಕೊನೆಗೆ ಕಾಣದಾಗುತ್ತದೆ. ಇದು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂಬುದು ತಪ್ಪು, ತಂದೆಯ ಕಡೆಯಿಂದಲೂ ಬರುತ್ತದೆ. ಹಿಂದಲೆ ಮತ್ತು ಕಿವಿಯ ಮೇಲಿನ ಬುಡಗಳಿಗೆ ಡಿಎಚ್‌ಟಿ ತಾಗುವುದಿಲ್ಲ. ಪೂರ್ತಿ ಬೋಳಾದವರಿಗೂ ಅಲ್ಲಿ ಕೂದಲು ಉಳಿದಿರುವುದು ಅದಕ್ಕೇ.

ಮೊದಲ ಚಿಕಿತ್ಸೆ ಮದ್ದು. ಗಂಡಸರಿಗೆ 5 ಶೇಕಡಾ ಮಿನಾಕ್ಸಿಡಿಲ್, 1 ಎಂಎಲ್, ದಿನಕ್ಕೆ ಎರಡು ಬಾರಿ, ಒಣಗಿದ ತಲೆಯ ಚರ್ಮಕ್ಕೆ. ಕೂದಲಿಗೆ ಹಚ್ಚಿದರೆ ಪ್ರಯೋಜನವಿಲ್ಲ. ಶುರುಮಾಡಿದ ಮೊದಲ ಕೆಲವು ವಾರ ಉದುರುವುದು ಹೆಚ್ಚಾಗುತ್ತದೆ, ಹೆಚ್ಚಿನವರು ಹೆದರಿ ಬಿಡುವುದು ಆಗಲೇ. ಕನಿಷ್ಠ ಆರು ತಿಂಗಳು ನೋಡಬೇಕು. ಗಂಡಸರಿಗೆ ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ ಡಿಎಚ್‌ಟಿಯನ್ನೇ ಕಡಿಮೆ ಮಾಡುತ್ತದೆ. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗಬಹುದು, ಮನಸ್ಸು ಕುಗ್ಗಬಹುದು, ಹಾಗಾಗಿ ವೈದ್ಯರ ಚೀಟಿ ಇಲ್ಲದೆ ಬೇಡ. ಪ್ರಾಸ್ಟೇಟ್‌ಗೆ ಮಾಡುವ ಪಿಎಸ್‌ಎ ಪರೀಕ್ಷೆಯ ಅಂಕಿಯನ್ನು ಇದು ಸುಮಾರು ಅರ್ಧಕ್ಕಿಳಿಸುತ್ತದೆ, ಪರೀಕ್ಷೆಗೆ ಹೋದಾಗ ಹೇಳಿ. ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು.

[ಗ್ರಾಫಿಕ್: ತಲೆಯ ಹಿಂಭಾಗ, ಕಿವಿಯಿಂದ ಕಿವಿಗೆ ಬಣ್ಣ ಹಚ್ಚಿದ ಪಟ್ಟಿ]

ಟ್ರಾನ್ಸ್‌ಪ್ಲಾಂಟ್ ಎಂದರೆ ಈ ಪಟ್ಟಿಯ ಗಟ್ಟಿ ಬುಡಗಳನ್ನು ಕಿತ್ತು ಮುಂದೆ ನೆಡುವುದು, ಗದ್ದೆಯಲ್ಲಿ ನೇಜಿ ಕಿತ್ತು ನೆಟ್ಟಂತೆ. ಒಂದು ವ್ಯತ್ಯಾಸ ಇದೆ: ನೇಜಿ ಸಾಲದಿದ್ದರೆ ಮತ್ತೆ ಬಿತ್ತಬಹುದು, ಹಿಂದಲೆಯಲ್ಲಿ ಕಿತ್ತಲ್ಲಿ ಇನ್ನೊಂದು ಹುಟ್ಟುವುದಿಲ್ಲ. ಹಿಂದಲೆಯಿಂದ ಜೀವಮಾನದಲ್ಲಿ ಸುರಕ್ಷಿತವಾಗಿ ಸಿಗುವುದು, ಒಳ್ಳೆಯ ದಟ್ಟಣೆ ಇದ್ದವರಿಗೂ, ಸುಮಾರು 5,000 ಗ್ರಾಫ್ಟ್ (ಕಿತ್ತು ನೆಡುವ ಬುಡದ ಸಣ್ಣ ತುಣುಕು), ಹೆಚ್ಚೆಂದರೆ 6,000. ಒಂದು ಗ್ರಾಫ್ಟ್‌ನಲ್ಲಿ 1ರಿಂದ 4 ಕೂದಲು, ಸರಾಸರಿ ಎರಡು. "4,000 ಕೂದಲು" ಎಂದು ಹೇಳಿ 2,000 ಗ್ರಾಫ್ಟ್ ಹಾಕುವವರಿದ್ದಾರೆ, ಬಿಲ್ಲಿನಲ್ಲಿ ಗ್ರಾಫ್ಟ್ ಎಷ್ಟು ಎಂದೇ ಬರೆಸಿಕೊಳ್ಳಿ.

ಲೆಕ್ಕ ಹಾಕುವ. ಮುಂದಲೆ ಮಾತ್ರ ಹೋದವರಿಗೆ 50 ಚದರ ಸೆಂಟಿಮೀಟರ್ ಜಾಗ, ಚದರ ಸೆಂಟಿಮೀಟರ್‌ಗೆ 40 ಗ್ರಾಫ್ಟ್: ಒಟ್ಟು 2,000. ಸುಲಭ. ಪೂರ್ತಿ ಬೋಳಾದವರಿಗೆ 200 ಚದರ ಸೆಂಟಿಮೀಟರ್, ಅದೇ ದಟ್ಟಣೆಗೆ 8,000 ಬೇಕು, ಅಷ್ಟು ಇಲ್ಲವೇ ಇಲ್ಲ. ಈಗ 23ರ ಹುಡುಗನ ಮುಂದಲೆಗೆ 3,000 ಸುರಿದು, ಹಣೆಯ ರೇಖೆಯನ್ನು ಹೈಸ್ಕೂಲಿನ ಫೋಟೋದಂತೆ ಕೆಳಗೆ ಎಳೆದರು ಎಂದಿಟ್ಟುಕೊಳ್ಳಿ. 35ಕ್ಕೆ ಅದರ ಹಿಂದಿನ ಸ್ವಂತ ಕೂದಲು ಹೋಗುತ್ತದೆ. ಮುಂದೆ ಒಂದು ಪಟ್ಟಿ, ಹಿಂದೆ ಬಯಲು, ತುಂಬಲು ಉಳಿದದ್ದು ಸಾಲದು. ಟ್ರಾನ್ಸ್‌ಪ್ಲಾಂಟ್ ಬೋಳಾಗುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೇ 25ರ ಒಳಗಿನವರಿಗೆ ಮದ್ದು ಕೊಟ್ಟು ವರ್ಷ ಕಾಯಿಸುವ ಡಾಕ್ಟರ್ ಸಿಕ್ಕಿದರೆ ಅವರನ್ನು ಬಿಡಬೇಡಿ. ಹಿಂದಲೆಯಲ್ಲೂ ಕೂದಲು ತೆಳ್ಳಗಾಗುತ್ತಿರುವವರಿಗೆ, ನಾಣ್ಯದಗಲದ ಕಾಯಿಲೆ ಇನ್ನೂ ಹರಡುತ್ತಿರುವವರಿಗೆ ಟ್ರಾನ್ಸ್‌ಪ್ಲಾಂಟ್ ಬೇಡ.

ಕೀಳುವುದು ಎರಡು ಬಗೆ. ಎಫ್‌ಯುಟಿಯಲ್ಲಿ ಹಿಂದಲೆಯಿಂದ ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲದ ಚರ್ಮದ ಪಟ್ಟಿ ತೆಗೆದು, ಹೊಲಿದು, ಸೂಕ್ಷ್ಮದರ್ಶಕದಡಿ ಗ್ರಾಫ್ಟ್ ಬಿಡಿಸುತ್ತಾರೆ. ಗೆರೆಯಂಥ ಕಲೆ ಉಳಿಯುತ್ತದೆ, ಸಣ್ಣಗೆ ಕಟಿಂಗ್ ಮಾಡಿಸಿದರೆ ಕಾಣುತ್ತದೆ. ಎಫ್‌ಯುಇಯಲ್ಲಿ 0.8ರಿಂದ 1 ಮಿಲಿಮೀಟರ್‌ನ ಪಂಚ್‌ನಿಂದ ಒಂದೊಂದೇ ಬುಡ ಕೊರೆದು ತೆಗೆಯುತ್ತಾರೆ. ಈಗ ಹೆಚ್ಚು ನಡೆಯುವುದು ಇದೇ. ಕೊರೆಯುವ ಕೋನ ತಪ್ಪಿದರೆ ಬುಡ ಕತ್ತರಿಸಿಹೋಗುತ್ತದೆ, ಆ ಕೂದಲು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

[ಕ್ಲೋಸಪ್: ತಂಪು ದ್ರಾವಣದ ತಟ್ಟೆಯಲ್ಲಿ ಗ್ರಾಫ್ಟ್‌ಗಳು]

ಇದನ್ನು ಹತ್ತಿರದಿಂದ ನೋಡಿ. ಎರಡು ಕಪ್ಪು ಎಳೆ, ಕೆಳಗೆ ಹರಳಿನಂತೆ ಹೊಳೆಯುವ ಬಿಳಿ ಕೊಬ್ಬು. ಆ ಕೊಬ್ಬು ಕವಚ ಇದ್ದಂತೆ, ಇಕ್ಕುಳದಿಂದ ಹಿಡಿಯಬೇಕಾದದ್ದು ಅಲ್ಲಿಯೇ. ಬುಡದ ಗುಂಡನ್ನು ಒತ್ತಿದರೆ ಗ್ರಾಫ್ಟ್ ಸತ್ತಿತು. ಒಣಗಿದರೂ ಕೆಲವೇ ನಿಮಿಷದಲ್ಲಿ ಸಾಯುತ್ತದೆ. ಒದ್ದೆಯಾಗಿ, ತಂಪಾಗಿ ಇಟ್ಟರೂ ಹೊರಗಿದ್ದ ಪ್ರತಿ ಗಂಟೆಗೆ ಸ್ವಲ್ಪ ಸ್ವಲ್ಪ ನಷ್ಟ. ಒಂದೇ ದಿನ 5,000 ಗ್ರಾಫ್ಟ್ ಹಾಕುತ್ತೇವೆ ಎಂಬ ಜಾಹೀರಾತನ್ನು ನಂಬಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಮರಗಟ್ಟಿಸುವ ಲಿಗ್ನೊಕೇನ್. ಅಡ್ರಿನಲಿನ್ ಬೆರೆಸಿ ಕೊಟ್ಟರೆ ಗರಿಷ್ಠ ಮಿತಿ ಒಂದು ಕಿಲೋ ತೂಕಕ್ಕೆ 7 ಮಿಲಿಗ್ರಾಂ. 60 ಕಿಲೋ ಇರುವವರಿಗೆ 420 ಮಿಲಿಗ್ರಾಂ, ಅಂದರೆ 2 ಶೇಕಡಾ ದ್ರಾವಣದಲ್ಲಿ 21 ಎಂಎಲ್ ಮಾತ್ರ. ಮೀರಿದರೆ ತುಟಿ ಸುತ್ತ ಜೋಮು, ಕಿವಿಯಲ್ಲಿ ಗುಂಯ್, ಆಮೇಲೆ ಫಿಟ್ಸ್, ಹೃದಯಕ್ಕೂ ಅಪಾಯ. ಹಾಗಾಗಿ ಶುರುವಿಗೆ ಮೊದಲು ನಿಮ್ಮ ತೂಕ ನೋಡಿದರೇ, ಬಿಪಿ ಮತ್ತು ಆಕ್ಸಿಜನ್ ಮಾನಿಟರ್ ಹಾಕಿದರೇ, ತುರ್ತು ಔಷಧಿ, ಆಮ್ಲಜನಕ ಕೋಣೆಯಲ್ಲಿದೆಯೇ, ಇಷ್ಟನ್ನೂ ಕೇಳಿ. ಟ್ರಾನ್ಸ್‌ಪ್ಲಾಂಟ್ ಯಾರು ಮಾಡಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸೂಚನೆ ಹೊರಡಿಸಿದೆ: ತರಬೇತಾದ ಚರ್ಮರೋಗ ತಜ್ಞರು ಅಥವಾ ಶಸ್ತ್ರವೈದ್ಯರು. ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಆಗುವುದಿಲ್ಲ ಎಂದೂ ಅದರಲ್ಲೇ ಇದೆ. ಟೆಕ್ನಿಷಿಯನ್‌ಗಳು ಡಾಕ್ಟರ ಕಣ್ಣೆದುರು ಸಹಾಯ ಮಾಡಬಹುದು ಅಷ್ಟೆ. ಕ್ಲಿನಿಕ್ಕಿನ ಗೋಡೆಯಲ್ಲಿ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಇರಬೇಕು. ಇಲ್ಲದಿದ್ದರೆ ಚೆಂದದ ಸೋಫಾ ನೋಡಿ ಕೂರಬೇಡಿ.

ನೆಡುವಾಗ ಮೊದಲ ಸಾಲುಗಳಿಗೆ ಒಂಟಿ ಕೂದಲಿನ ಗ್ರಾಫ್ಟ್ ಮಾತ್ರ, ಚರ್ಮಕ್ಕೆ ಬಹಳ ಓರೆಯಾಗಿ, 15-20 ಡಿಗ್ರಿಯಲ್ಲಿ. ಅಲ್ಲಿ ಮೂರು-ನಾಲ್ಕು ಎಳೆಯದು ಹಾಕಿದರೆ, ನೆಟ್ಟಗೆ ನಿಲ್ಲಿಸಿದರೆ, ದೂರದಿಂದಲೇ ನೆಟ್ಟದ್ದು ಎಂದು ಗೊತ್ತಾಗುತ್ತದೆ.

ರಜೆಯಲ್ಲಿ ಬಂದವರು ಮೊದಲ ವಾರವೇ ಮಾಡಿಸಿ, ಕೊನೆಯ ವಾರಕ್ಕೆ ಇಡಬೇಡಿ. ಮೂರು-ನಾಲ್ಕು ರಾತ್ರಿ ತಲೆ ಎತ್ತರಿಸಿ, ಅಂಗಾತ ಮಲಗಬೇಕು. ಮೂರನೇ ದಿನ ಹಣೆಯ ಬಾವು ಕಣ್ಣಿಗೆ ಇಳಿಯುತ್ತದೆ, ಹೆದರಬೇಡಿ. ಡಾಕ್ಟರ್ ಹೇಳಿದ ದಿನದಿಂದ ಮಗ್‌ನಲ್ಲಿ ನೀರನ್ನು ಮೆಲ್ಲಗೆ ಸುರಿಯಿರಿ, ಶವರ್ ಬೇಡ, ಉಗುರು ತಾಗಿಸಬೇಡಿ. ಹತ್ತು ದಿನದಲ್ಲಿ ಹಕ್ಕಳೆ ಉದುರಿ ಗ್ರಾಫ್ಟ್ ಗಟ್ಟಿ ಕೂರುತ್ತದೆ. ಅಲ್ಲಿಯವರೆಗೆ ಹೆಲ್ಮೆಟ್ ಆಗದು, ಹೆಲ್ಮೆಟ್ ಇಲ್ಲದೆ ಬೈಕೂ ಆಗದು, ಬಸ್ಸಿನಲ್ಲಿ ಹೋಗಿ. ಒಂದು ತಿಂಗಳು ಎಣ್ಣೆ ತಿಕ್ಕುವುದು, ಪಣಂಬೂರು-ಮಲ್ಪೆಯ ಸಮುದ್ರಸ್ನಾನ, ಸೈಟಿನ ಬಿಗಿ ಹೆಲ್ಮೆಟ್, ಯಾವುದೂ ಬೇಡ. ಯಕ್ಷಗಾನ ಕಲಾವಿದರು ಮೇ ಕೊನೆಯ ಪತ್ತನಾಜೆ ಕಳೆದು ಮೇಳದ ತಿರುಗಾಟ ನಿಂತ ಮೇಲೆ ಮಾಡಿಸಿದರೆ ಮುಂಡಾಸು ಬಿಗಿಯುವ ಪ್ರಶ್ನೆ ಬರುವುದಿಲ್ಲ. ಬೋಟಿಗೆ ಹೋಗುವವರಿಗೆ ಜೂನ್-ಜುಲೈ ಮೀನುಗಾರಿಕೆ ನಿಷೇಧದ ಕಾಲ ಒಳ್ಳೆಯದು.

ಮದುವೆಗೆ ಮೊದಲಿನ ತಿಂಗಳು ಮಾತ್ರ ಮಾಡಿಸಲೇಬೇಡಿ. ನೆಟ್ಟ ಕೂದಲು ಎರಡರಿಂದ ನಾಲ್ಕನೇ ವಾರದಲ್ಲಿ ಬಹುತೇಕ ಉದುರುತ್ತದೆ, ಬುಡ ಒಳಗೆ ಉಳಿದಿರುತ್ತದೆ. ಸುತ್ತಲಿನ ಸ್ವಂತ ಕೂದಲೂ ಆಘಾತಕ್ಕೆ ಸ್ವಲ್ಪ ಬೀಳಬಹುದು. ಮೆಹಂದಿಯ ದಿನ ತಲೆ ಮೊದಲಿಗಿಂತ ಬರಿದಾಗಿ ಕಾಣುತ್ತದೆ. ಮೂರು-ನಾಲ್ಕು ತಿಂಗಳಿಗೆ ಹೊಸದು ಮೊಳೆಯುತ್ತದೆ, ಆರು ತಿಂಗಳಿಗೆ ಅರ್ಧ ಫಲ, ಪೂರ್ತಿ ಕಾಣಲು ವರ್ಷ, ನೆತ್ತಿಗೆ ಒಂದೂವರೆ ವರ್ಷವೂ ಹಿಡಿಯಬಹುದು. ಮದುವೆ ಗೊತ್ತಾದ ಮೇಲೆ ದಿನ ಎಣಿಸಿ ನೋಡಿ.

ಸಿಗರೇಟ್ ಸೇದುವವರು ಮೊದಲೂ ಆಮೇಲೂ ವಾರಗಟ್ಟಲೆ ಬಿಡಬೇಕು, ರಕ್ತನಾಳ ಕುಗ್ಗಿದರೆ ನೆಟ್ಟ ಜಾಗದ ಚರ್ಮವೇ ಸಾಯಬಹುದು. ನೆಟ್ಟಲ್ಲಿ ಬೂದು ಅಥವಾ ಕಪ್ಪು ಬಣ್ಣದ ಮಚ್ಚೆ ಹರಡುತ್ತಿದ್ದರೆ, ಕೀವು, ಜ್ವರ, ದಿನದಿಂದ ದಿನಕ್ಕೆ ಹೆಚ್ಚುವ ನೋವು ಇದ್ದರೆ ಫೋಟೋ ಕಳಿಸಿ ಉತ್ತರ ಕಾಯುತ್ತಾ ಕೂರಬೇಡಿ. ಅದೇ ದಿನ ಡಾಕ್ಟರ ಎದುರು ಹೋಗಿ ಕೂರಿ.