‘ಚೆನ್ನಾಗಿದೆ’ ಎಂದಷ್ಟೇ ಬರೆಯಲು ಮನಸ್ಸಾಗಲಿಲ್ಲ | ಕಲಬುರಗಿಯ ಹೊಸ ಹಾಡುಗಳು

‘ಚೆನ್ನಾಗಿದೆ, ಹೀಗೆಯೇ ಮುಂದುವರಿಯಿರಿ.’ ಮೊದಲ ಸಲ ಸ್ವಂತ ಹಾಡು ಕಟ್ಟಿ ಹಾಡಿದವರಿಗೆ ಮನೆಯವರಿಂದ, ಗೆಳೆಯರಿಂದ, ಮೇಷ್ಟ್ರಿಂದ ಸಿಗುವ ಮಾತು ಹೆಚ್ಚುಕಡಿಮೆ ಇಷ್ಟೇ. ಪ್ರೀತಿಯಿಂದಲೇ ಹೇಳುತ್ತಾರೆ, ಅನುಮಾನವಿಲ್ಲ. ಆದರೆ ಮರುದಿನ ಬೆಳಿಗ್ಗೆ ಹಾರ್ಮೋನಿಯಂ ಮುಂದೆ ಕುಳಿತಾಗ ಆ ಮಾತನ್ನು ಇಟ್ಟುಕೊಂಡು ಏನು ಮಾಡಬೇಕು? ಯಾವ ಸಾಲು ಉಳಿಯಬೇಕು, ಯಾವುದು ಹೋಗಬೇಕು, ಕೇಳುವವರ ಗಮನ ಎಲ್ಲಿ ತಪ್ಪಿತು, ಒಂದೂ ತಿಳಿಯುವುದಿಲ್ಲ. ಹಾಡು ಇದ್ದಲ್ಲಿಯೇ ಇರುತ್ತದೆ.

ನಮಸ್ಕಾರ. ಕಲಬುರಗಿಯಲ್ಲಿ ನಡೆಯುತ್ತಿರುವ ಒಂದು ಗೀತರಚನೆ ಸ್ಪರ್ಧೆಗೆ ಬಂದ ಹಾಡುಗಳನ್ನು ಕೇಳಿ, ಕಳಿಸಿದ ಪ್ರತಿಯೊಬ್ಬರಿಗೂ ಅಭಿಪ್ರಾಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿಯಮ ಸರಳ: ಸಾಹಿತ್ಯ ತಮ್ಮದೇ ಆಗಿರಬೇಕು, ಧಾಟಿಯೂ ತಮ್ಮದೇ, ಐದು ನಿಮಿಷದೊಳಗೆ ಮುಗಿಯಬೇಕು, ಮೊಬೈಲ್‌ನಲ್ಲಿ ಹಾಡಿ ಕಳಿಸಿದರೂ ನಡೆಯುತ್ತದೆ. ಆಳಂದ, ಚಿತ್ತಾಪುರ, ಸೇಡಂ, ಅಫಜಲಪುರ ಕಡೆಯಿಂದೆಲ್ಲ ಹಾಡುಗಳು ಬಂದಿವೆ. ಕಾಲೇಜು ಹುಡುಗರಿದ್ದಾರೆ, ಹೊಲಿಗೆ ಮಾಡುವ ಹೆಣ್ಣುಮಕ್ಕಳಿದ್ದಾರೆ, ಭಜನಾ ಮಂಡಳಿಯ ಹಿರಿಯರಿದ್ದಾರೆ. ಹಾಡಿನಿಂದ ಹೊಟ್ಟೆ ಹೊರೆಯುವವರು ಯಾರೂ ಇಲ್ಲ. ದಿನದ ದುಡಿಮೆ ಮುಗಿಸಿ ರಾತ್ರಿ ಕುಳಿತು ಕಟ್ಟಿದ ಹಾಡುಗಳಿವು. ಇಂಥವರಿಗೆ ಒಂದು ಒಣ ಮಾತು ಬರೆದು ಕೈತೊಳೆದುಕೊಳ್ಳುವುದು ನನ್ನಿಂದ ಆಗದು.

ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ತೋರಿಸುವ ಸಾಲುಗಳನ್ನು ಬರೆದವರ ಒಪ್ಪಿಗೆ ಪಡೆದೇ ತೋರಿಸುತ್ತಿದ್ದೇನೆ.

ಈಗ ಕಾಣುತ್ತಿರುವುದು ಆಳಂದ ಕಡೆಯ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಬರೆದು ಫೋಟೊ ತೆಗೆದು ಕಳಿಸಿದ ಹಾಳೆ. ಅಣ್ಣ ಕೂಲಿ ಹುಡುಕಿಕೊಂಡು ಪುಣೆಗೆ ಹೋದ ಹಾಡು. ಪಲ್ಲವಿ ಶುರುವಾಗುವುದು ‘ಅಣ್ಣ ಹೋದ ಬಸ್ಸು ಹತ್ತಿ’ ಎಂದು. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಅಣ್ಣ, ಹೋದ, ಬಸ್ಸು, ಹತ್ತಿ. ನಾಲ್ಕು ಪದಗಳಿಗೂ ಮೂರು ಮೂರು ಮಾತ್ರೆ. ಗುರುವಿಗೆ ಎರಡು, ಲಘುವಿಗೆ ಒಂದು ಎಂದು ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕುತ್ತಿದ್ದೆವಲ್ಲ, ಅದೇ ಲೆಕ್ಕ. ಆರು ಮಾತ್ರೆಯ ದಾದ್ರಾ ತಾಳಕ್ಕೆ ಇದು ತಾನಾಗಿಯೇ ಕೂರುತ್ತದೆ, ತಾಳದ ಎರಡು ಸುತ್ತಿನಲ್ಲಿ ಸಾಲು ಸರಿಯಾಗಿ ಮುಗಿಯುತ್ತದೆ. ಆ ಹುಡುಗಿಗೆ ಛಂದಸ್ಸು ಕಲಿಸಿದವರು ಯಾರೂ ಇರಲಿಕ್ಕಿಲ್ಲ. ಕಿವಿಯಲ್ಲಿದ್ದ ನಡೆ ಹಾಗೆಯೇ ಕೈಗೆ ಇಳಿದಿದೆ. ನನಗೆ ಮೈ ಜುಮ್ಮೆಂದಿತು.

ತೊಡಕು ಬಂದದ್ದು ಕೀಬೋರ್ಡಿನಿಂದ. ಅದರಲ್ಲಿ ಸಿದ್ಧವಾಗಿ ಸಿಗುವ ಎಂಟು ಮಾತ್ರೆಯ ಕೆಹರವಾ ಹಾಕಿಕೊಂಡು ಹಾಡಿದ್ದಾಳೆ. ಮೂರು ಮಾತ್ರೆಯ ಪದವನ್ನು ನಾಲ್ಕರ ಜಾಗಕ್ಕೆ ಎಳೆಯಬೇಕಾಗಿ ಬಂದು ಪ್ರತಿ ಪದದ ಕೊನೆಯೂ ಜೋಲುಬಿದ್ದಿದೆ. ಎರಡನೆಯ ಸಾಲು ‘ಬರ ಬಂದ ಊರ ಬಿಟ್ಟು’. ಇಲ್ಲಿ ‘ಬರ’ ಎಂಬುದಕ್ಕೆ ಇರುವುದೇ ಎರಡು ಮಾತ್ರೆ. ಜಾಗ ತುಂಬಿಸಲು ಆಕೆ ಅದನ್ನು ಎಳೆದಾಗ ಕಿವಿಗೆ ‘ಬಾರ’ ಎಂದು ಬೀಳುತ್ತದೆ.

ನಾನು ಬರೆದದ್ದು ಇಷ್ಟು: ‘ತಂಗೀ, ಎರಡನೆಯ ಸಾಲು ಕೇಳಿದಾಗ ಅಣ್ಣ ಇನ್ನು ಬರುವುದೇ ಇಲ್ಲವೇನೋ ಎಂದುಕೊಂಡೆ. ಹಾಳೆ ನೋಡಿದ ಮೇಲೆ ಬರಗಾಲದ ಮಾತು ಎಂದು ತಿಳಿಯಿತು. ಉಳಿದ ಪದಗಳಿಗೆಲ್ಲ ಮೂರು ಮಾತ್ರೆ ಇದೆ, ಮೊದಲನೆಯದಕ್ಕೆ ಒಂದು ಕಡಿಮೆ. ಕೀಬೋರ್ಡಿನ ತಾಳ ನಿಲ್ಲಿಸಿ, ತೊಡೆಯ ಮೇಲೆ ದಾದ್ರಾ ತಟ್ಟಿಕೊಂಡು ಹಾಡಿ ನೋಡು. ಮೊದಲ ಸಾಲಿನಲ್ಲಿ ಒಂದಕ್ಷರವನ್ನೂ ಮುಟ್ಟಬೇಡ.’

‘ಬರ’ವನ್ನು ‘ಬರವು’ ಮಾಡಿದರೆ ಮಾತ್ರೆ ತುಂಬುತ್ತದೆ. ಇದು ನನಗೆ ಆಗಲೇ ಹೊಳೆದಿತ್ತು, ಆದರೂ ಬರೆಯಲಿಲ್ಲ. ಅಭಿಪ್ರಾಯ ಹೇಳುವವರು ಅತಿ ಹೆಚ್ಚು ಬಿಗಿಹಿಡಿಯಬೇಕಾದ ಜಾಗ ಇದೇ ಎಂದು ನನ್ನ ನಂಬಿಕೆ. ಎಲ್ಲಿ ಎಡವುತ್ತಿದೆ, ಯಾಕೆ ಎಡವುತ್ತಿದೆ ಎಂದು ತೋರಿಸುವವರೆಗೆ ನಮ್ಮ ಕೆಲಸ. ಪದ ಹುಡುಕುವುದು ಹಾಡು ಕಟ್ಟಿದವರ ಹಕ್ಕು. ಕೆಲವು ದಿನ ಕಳೆದು ಆಕೆ ಕಳಿಸಿದ ಸಾಲು ಹೀಗಿದೆ: ‘ಬಾವಿ ಬತ್ತಿ ಊರ ಬಿಟ್ಟು’. ಮಾತ್ರೆಯೂ ಸರಿಯಾಯಿತು, ಬರ ಎಂದು ಹೇಳದೆಯೇ ಬರ ಕಣ್ಣಿಗೆ ಕಟ್ಟಿತು. ನನ್ನ ‘ಬರವು’ ಇದರ ಹತ್ತಿರಕ್ಕೂ ಬರುವುದಿಲ್ಲ.

ಇನ್ನೊಂದು ಹಾಡು ನಗರದ ಹುಡುಗನದು. ಸಂಜೆ ಬೇಳೆ ಮಿಲ್ಲಿನಲ್ಲಿ ಕೆಲಸ, ಹಗಲು ಕಾಲೇಜು. ರ‍್ಯಾಪ್ ಹಾಡಿದ್ದಾನೆ. ಮೊದಲ ಚರಣದಲ್ಲಿ ತಾನು ಹುಲಿ, ತನ್ನ ಊರು ತೊಗರಿಯ ಕಣಜ, ಎದುರು ನಿಂತವರು ಯಾರೂ ಉಳಿಯುವುದಿಲ್ಲ ಎಂಬ ಅಬ್ಬರ. ನಮ್ಮ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಹೆಮ್ಮೆ ನನಗೂ ಇದೆ. ಆದರೆ ‘ತೊಗರಿಯ ಕಣಜ’ ಎಂಬ ಮಾತನ್ನು ಭಾಷಣಗಳಲ್ಲಿ ಕೇಳಿ ಕೇಳಿ ಕಿವಿ ಮರಗಟ್ಟಿದೆ. 1 ನಿಮಿಷ 40 ಸೆಕೆಂಡಿನವರೆಗೆ ಅವನು ಯಾರು ಎಂಬುದೇ ನನಗೆ ಗೊತ್ತಾಗಲಿಲ್ಲ. ಅಲ್ಲಿಂದ ಎರಡನೆಯ ಚರಣ ಶುರುವಾಗುತ್ತದೆ. ರಾತ್ರಿ ಮನೆಗೆ ಬಂದಾಗ ರೆಪ್ಪೆಯ ಮೇಲೆ ಕೂತ ಬೇಳೆಯ ಹೊಟ್ಟನ್ನು ತಾಯಿ ಸೆರಗಿನ ತುದಿಯಿಂದ ಒರೆಸುತ್ತಾಳೆ. ಒರೆಸುತ್ತಲೇ ‘ಫೀಸು ಕಟ್ಟಿದೆಯಾ’ ಎಂದು ಕೇಳುತ್ತಾಳೆ. ಹಾಡು ಕೇಳುತ್ತಿದ್ದ ನಾನು ಹೆಡ್‌ಫೋನ್ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅವನಿಗೆ ಬರೆದೆ: ‘ತಮ್ಮಾ, ನಿನ್ನ ಹಾಡು ಎರಡನೆಯ ಚರಣದಿಂದ ಶುರುವಾಗುತ್ತದೆ. ಅದನ್ನೇ ಮೊದಲು ಹಾಡಿದರೆ ಹೇಗಿರುತ್ತದೆ ಎಂದು ಒಮ್ಮೆ ಪರೀಕ್ಷಿಸು.’ ಅವನಿಗೆ ಇಷ್ಟವಾಗಲಿಲ್ಲ. ‘ಅಕ್ಕಾ, ಗೆಳೆಯರೆಲ್ಲ ಕುಣಿಯುವುದು ಮೊದಲನೆಯದಕ್ಕೇ’ ಎಂದು ಉತ್ತರ ಬಂತು. ಅವನು ಬದಲಿಸಲಿಲ್ಲ, ನಾನೂ ಹಟ ಹಿಡಿಯಲಿಲ್ಲ. ಹಾಡು ಅವನದು. ನನ್ನ ಅಭಿಪ್ರಾಯ ಮಾತ್ರ ಈಗಲೂ ಅದೇ.

ಅದೇ ಹಾಡಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವನು ಒಂದೇ ಸಾಲಿನಲ್ಲಿ ಕನ್ನಡ, ದಖನಿ ಉರ್ದು ಎರಡನ್ನೂ ಬೆರೆಸಿದ್ದಾನೆ. ‘ಭಾಷೆ ಶುದ್ಧವಾಗಿಲ್ಲ’ ಎಂದು ಅಂಕ ಕಡಿಯುವ ಮಾತು ನಮ್ಮ ನಡುವೆ ಬಂತು. ನಾನು ಒಪ್ಪಲಿಲ್ಲ. ಶರಣಬಸವೇಶ್ವರರ ಗುಡಿಗೆ ಹೋಗುವವರೇ ಬಂದೇ ನವಾಜರ ದರ್ಗಾಕ್ಕೂ ಹೋಗುವ ಊರು ಇದು. ಮೊಹರಂ ಬಂದರೆ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವ ಸೀಮೆ. ಮನೆಯಲ್ಲಿ, ಮಿಲ್ಲಿನಲ್ಲಿ, ಆಟೋದಲ್ಲಿ ಆ ಹುಡುಗ ಆಡುವ ಮಾತು ಹಾಡಿನಲ್ಲೂ ಬಂದರೆ ಅದು ದೋಷವಲ್ಲ. ಬಾಯಿಗೆ ಒಗ್ಗದ ಪುಸ್ತಕದ ಪದ ತಂದು ಕೂರಿಸಿದ್ದರೆ ಆಗ ನಾನೇ ತಕರಾರು ತೆಗೆಯುತ್ತಿದ್ದೆ. ಅಂಕ ಕಡಿಯಲಿಲ್ಲ.

ಜೇವರ್ಗಿ ಕಡೆಯಿಂದ ಬಂದ ಹಾಡಿಗೆ ಉತ್ತರ ಬರೆಯಲು ಹೆಚ್ಚು ಹೊತ್ತು ಹಿಡಿಯಿತು. ಎಪ್ಪತ್ತು ದಾಟಿದ ಮುತ್ಯಾ ಒಬ್ಬರು ಏಕತಾರಿ ಹಿಡಿದು ತಾವೇ ಕಟ್ಟಿದ ತತ್ವಪದ ಹಾಡಿ ಕಳಿಸಿದ್ದರು. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಇಂದಿಗೂ ಭಜನೆಯಲ್ಲಿ ಹಾಡುವ ಸೀಮೆ ಅದು. ಕೊನೆಯ ನುಡಿಯಲ್ಲಿ ತಮ್ಮ ಗುರುವಿನ ಅಂಕಿತವನ್ನೂ ಇಟ್ಟಿದ್ದಾರೆ. ಮೊದಲು ಕೇಳಿದಾಗ ಹಾಡು ಯಾಕೋ ನಡುನಡುವೆ ನಿಂತು ನಿಂತು ಹೋಗುತ್ತಿದೆ ಅನ್ನಿಸಿತು. ಸಾಲು ಮುಗಿದ ಮೇಲೆ ಬರೀ ಏಕತಾರಿ, ಮತ್ತೆ ಸಾಲು, ಮತ್ತೆ ಬರೀ ಏಕತಾರಿ. ಸಿನಿಮಾ ಹಾಡಿನ ಕಿವಿಯಿಂದ ಕೇಳಿದರೆ ‘ಎಳೆತ ಜಾಸ್ತಿಯಾಯಿತು’ ಎಂದು ಬರೆದುಬಿಡಬಹುದು. ಆದರೆ ಭಜನೆಯಲ್ಲಿ ಮುಂದಿನವರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಆ ಖಾಲಿ ಜಾಗ ಹಿಮ್ಮೇಳದವರದು. ಮುತ್ಯಾ ಒಬ್ಬರೇ ಹಾಡಿದರೂ ಅವರ ಮನಸ್ಸಿನಲ್ಲಿ ಮಂಡಳಿ ಪೂರ್ತಿ ಕುಳಿತಿತ್ತು.

ಕಾಗದದಲ್ಲಿ ಬರೆಯುವ ಬದಲು ಫೋನ್ ಮಾಡಿದೆ. ಅವರ ವಯಸ್ಸಿಗೆ, ಅವರ ಸಾಧನೆಗೆ ನಾನು ತಪ್ಪು ಹೇಳುವಂತಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ‘ಮುತ್ಯಾ, ನಿಮ್ಮ ಜೊತೆ ಹಾಡುವವರನ್ನು ಕೂಡಿಸಿಕೊಂಡು ಇನ್ನೊಮ್ಮೆ ಕಳಿಸುತ್ತೀರಾ? ದಮ್ಮಡಿ, ತಾಳ ಎಲ್ಲ ಇರಲಿ’ ಎಂದೆ. ‘ಒಬ್ಬರ ಹೆಸರಿನಲ್ಲೇ ಕಳಿಸಬೇಕು ಅಂದುಕೊಂಡಿದ್ದೆ, ಅವ್ವಾ’ ಎಂದರು. ಸ್ಪರ್ಧೆಯ ಅರ್ಜಿಯಲ್ಲಿ ಒಂದೇ ಹೆಸರಿಗೆ ಜಾಗ ಇಟ್ಟಿದ್ದರಿಂದ ಅವರಿಗೆ ಹಾಗೆ ತೋರಿತ್ತು. ಎರಡನೆಯ ಧ್ವನಿಮುದ್ರಿಕೆ ಬಂದಾಗ ಸಾಹಿತ್ಯದಲ್ಲಿ, ಧಾಟಿಯಲ್ಲಿ ಒಂದು ಎಳೆಯೂ ಬದಲಾಗಿರಲಿಲ್ಲ. ಹಾಡು ಮಾತ್ರ ಎದ್ದು ನಿಂತಿತ್ತು.

ಧ್ವನಿಮುದ್ರಣದ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳಷ್ಟು ಹಾಡುಗಳಿಗೆ ಇದೇ ಕಾಟ. ನಮ್ಮಲ್ಲಿ ಅನೇಕ ಮನೆಗಳ ನೆಲ ಶಹಾಬಾದ್ ಕಲ್ಲಿನದು. ಗಟ್ಟಿ ಕಲ್ಲು ಧ್ವನಿಯನ್ನು ಹೀರುವುದಿಲ್ಲ, ಹಿಂದಕ್ಕೆ ಒದೆಯುತ್ತದೆ. ಖಾಲಿ ಕೋಣೆಯಲ್ಲಿ ಹಾಡಿದರೆ ಪದಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಮನೆಯಲ್ಲಿರುವ ಕೌದಿಗಳನ್ನು ತೆಗೆಯಿರಿ, ಒಂದನ್ನು ನೆಲಕ್ಕೆ ಹಾಸಿ, ಇನ್ನೊಂದನ್ನು ಎದುರಿನ ಗೋಡೆಗೆ ತೂಗುಹಾಕಿ. ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡಿ. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸುವುದು ಎಷ್ಟು ಕಷ್ಟವೆಂದು ಇಲ್ಲಿರುವ ನನಗೆ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಜಾವ ಹಾಡಿ. ಆ್ಯಪ್‌ನಲ್ಲಿ ಸಿಗುವ ಪ್ರತಿಧ್ವನಿಯ ಗುಂಡಿಯನ್ನು ದಯವಿಟ್ಟು ಮುಟ್ಟಬೇಡಿ.

ಶ್ರುತಿಯ ಮಾತೂ ಹಾಗೆಯೇ. ಪಲ್ಲವಿ ಸುಲಭವಾಗಿ ಬಂತೆಂದು ಅದಕ್ಕೆ ಒಪ್ಪುವ ಶ್ರುತಿ ಹಿಡಿಯುತ್ತಾರೆ. ಚರಣದಲ್ಲಿ ಮೇಲಿನ ಸ್ವರ ಬಂದಾಗ ಗಂಟಲು ಕಟ್ಟುತ್ತದೆ. ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿ ನೋಡಿ ಶ್ರುತಿ ಗೊತ್ತುಮಾಡಬೇಕು. ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯ ಶ್ರುತಿಯಲ್ಲಿ, ಅಂದರೆ ಕಪ್ಪು ನಾಲ್ಕರಲ್ಲಿ ಒದ್ದಾಡುವವರು ಕಪ್ಪು ಮೂರಕ್ಕೆ ಇಳಿದರೆ ಯಾರೂ ಕಡಿಮೆ ಹಾಡುಗಾರ ಅನ್ನುವುದಿಲ್ಲ.

ಈಗ ಕಾಣುತ್ತಿರುವುದು ಕಾಗಿಣಾ ನದಿಯ ದಂಡೆಯ ಮಳಖೇಡದ ಕೋಟೆ. ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್. ಇಲ್ಲಿಗೆ ಕ್ಯಾಮೆರಾ ತಂದದ್ದಕ್ಕೆ ಕಾರಣವಿದೆ. ‘ಹವ್ಯಾಸಕ್ಕೆ ಹಾಡುವವರ ಹಾಡಿನಲ್ಲಿ ತಪ್ಪು ಹುಡುಕುವುದು ಯಾಕೆ, ಖುಷಿಗೆ ಹಾಡಿಕೊಳ್ಳಲಿ ಬಿಡಿ’ ಎಂದು ನನ್ನನ್ನು ಹಲವರು ಕೇಳಿದರು. ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ಕವಿರಾಜಮಾರ್ಗ, ಕ್ರಿ.ಶ. 850ರ ಸುಮಾರಿಗೆ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅದರ ಮೊದಲ ಪರಿಚ್ಛೇದವೇ ಕಾವ್ಯದ ದೋಷಗಳ ವಿಚಾರ. ದೋಷವನ್ನು ಹೆಸರಿಸಿ ಸುಮ್ಮನಾಗುವುದಿಲ್ಲ, ಪದ್ಯಗಳನ್ನೇ ಇಟ್ಟು ತೋರಿಸುತ್ತದೆ. ಅದೇ ಗ್ರಂಥ ಈ ನಾಡಿನ ಜನ ಓದಿ ಕಲಿಯದೆಯೂ ಕಾವ್ಯ ಬಲ್ಲವರು ಎಂದೂ ಹೇಳುತ್ತದೆ. ಜನರ ಪ್ರತಿಭೆಯ ಮೇಲೆ ಅಷ್ಟು ನಂಬಿಕೆ ಇಟ್ಟವರೇ ದೋಷದ ಬಗ್ಗೆ ಅಷ್ಟು ಕಾಳಜಿಯಿಂದ ಬರೆದರು. ಆಳಂದದ ಆ ಹುಡುಗಿಯ ಹಾಳೆ ಓದುವಾಗ ನನಗೆ ಬಲ ಕೊಟ್ಟದ್ದು ಇದೇ. ಖುಷಿಗೆ ಹಾಡುವವರ ಹಾಡಿಗೂ ಗಮನ ಕೊಟ್ಟು ಕೇಳುವ ಮರ್ಯಾದೆ ಸಲ್ಲಬೇಕು.

ಹೀಗೆ ಬರೆಯುತ್ತ ಹೋದಾಗ ಒಂದು ಸಂಗತಿ ಗಮನಕ್ಕೆ ಬಂತು. ಹಾಡಿನ ಜೊತೆಗೆ ತಾವೇ ಒಂದು ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಹೆಚ್ಚು ಉಪಯೋಗಕ್ಕೆ ಬಂದಿದೆ. ಚಿತ್ತಾಪುರದ ಒಬ್ಬರು ‘ಮೂರನೆಯ ಚರಣ ಬೇಕೇ?’ ಎಂದು ಒಂದೇ ಸಾಲು ಬರೆದಿದ್ದರು. ಬರೀ ಅಂತ್ಯಪ್ರಾಸ ಕೂಡಿಸಲು ಬಂದ ಚರಣ ಅದು, ಎರಡನೆಯದು ಹೇಳಿದ್ದನ್ನೇ ಮತ್ತೆ ಹೇಳುತ್ತಿತ್ತು. ‘ಬೇಡ’ ಎಂದು ಬರೆದು, ಕಾರಣ ವಿವರಿಸಿದೆ. ಅವರು ತೆಗೆದುಹಾಕಿದರು. ಹಾಡು ಮೂರು ನಿಮಿಷಕ್ಕೆ ಇಳಿದು ಬಿಗಿಯಾಯಿತು.

ಆದ್ದರಿಂದ ಮುಂದಿನ ಸುತ್ತಿನ ಅರ್ಜಿಯಲ್ಲಿ ಎರಡು ಬದಲಾವಣೆ ಮಾಡಿಸಿದ್ದೇವೆ. ಹೆಸರಿನ ಜಾಗದಲ್ಲಿ ಮಂಡಳಿಯ ಹೆಸರನ್ನೂ ಬರೆಯಬಹುದು. ಕೊನೆಯಲ್ಲಿ ‘ನಿಮ್ಮ ಹಾಡಿನ ಯಾವ ಭಾಗದ ಬಗ್ಗೆ ಅಭಿಪ್ರಾಯ ಬೇಕು?’ ಎಂಬ ಸಾಲು ಸೇರಿದೆ. ಅದನ್ನು ಖಾಲಿ ಬಿಡಬೇಡಿ. ಧಾಟಿ ಯಾರದಾದರೂ ಹಾಡನ್ನು ನೆನಪಿಸುತ್ತದೆಯೇ, ಪಲ್ಲವಿ ತಡವಾಗಿ ಬಂತೇ, ಈ ಪದ ನಿಮ್ಮ ಊರಿನವರಿಗೂ ಅರ್ಥವಾಗುತ್ತದೆಯೇ, ಯಾವುದು ನಿಮ್ಮನ್ನು ಕಾಡುತ್ತಿದೆಯೋ ಅದನ್ನೇ ಕೇಳಿ. ಸಾಹಿತ್ಯದ ಹಾಳೆಯನ್ನು ಬೆಳಕಿನಲ್ಲಿ ಫೋಟೊ ತೆಗೆದು ಜೊತೆಗೆ ಕಳಿಸಿ.